ಹೊಟ್ಟೆಯಿಂದ ಹೊಟ್ಟು

"ಅಜ್ಜೀ, ಗುಂಡನ ಮೈಮೇಲೆ ಯಾರೋ ರವೆ ಚೆಲ್ಲಿದಾರೆ!"

ದಸರಾ ರಜೆಯ ಒಂದು ಬೆಳಿಗ್ಗೆ ಮೊಮ್ಮಗಳು ಜಗಲಿಯಿಂದ ಹೀಗೆ ಕೂಗಿದಾಗ ನಾನು ಒಲೆಯ ಮುಂದಿದ್ದೆ. ಅವತ್ತು ನಮ್ಮನೆಯಲ್ಲಿ ಉಪ್ಪಿಟ್ಟು. ಎದುರಿಗಿದ್ದ ರವೆ ಡಬ್ಬಿ ನೋಡಿದೆ, ಮುಚ್ಚಳ ಭದ್ರವಾಗಿಯೇ ಇತ್ತು. ಹೊರಗೆ ಬಂದರೆ ನಮ್ಮ ಬೆಕ್ಕು ಗುಂಡ ಬಿಸಿಲಿಗೆ ಬೆನ್ನೊಡ್ಡಿ ಬಿದ್ದುಕೊಂಡಿದ್ದಾನೆ. ಅವನದು ಕಾಡಿಗೆಯಂಥ ಕಪ್ಪು ಮೈ. ಸೊಂಟದಿಂದ ಬಾಲದ ಬುಡದವರೆಗೆ ಬಿಳೀ ಪುಡಿ. ಮುಟ್ಟಿದರೆ ಬೆರಳಿಗೆ ಜಿಡ್ಡು. ಅಲ್ಲಲ್ಲಿ ಕೂದಲು ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಗಂಟು.

"ರವೆ ಅಲ್ಲ ಪುಟ್ಟಿ, ಹೊಟ್ಟು. ನಿಮ್ಮಜ್ಜನ ತಲೆಯಲ್ಲಿ ಇರತ್ತಲ್ಲ, ಅದೇ" ಎಂದೆ. ಪೇಪರಿನ ಹಿಂದಿನಿಂದ ಅಜ್ಜನ ಕೆಮ್ಮು ಕೇಳಿಸಿತು.

ಮಕ್ಕಳೇ, ಇಲ್ಲಿಂದ ಮುಂದೆ ಒಂದು ವಾರ ನಾನು ಮಾಡಿದ್ದೆಲ್ಲ ತಪ್ಪೇ. ಮೂವತ್ತು ವರ್ಷ ಶಾಲೆಯಲ್ಲಿ ಬೇರೆಯವರ ತಪ್ಪಿಗೆ ಕೆಂಪು ಶಾಯಿ ಹಾಕಿದವಳು ನಾನು. ಈಗ ನನ್ನದಕ್ಕೂ ಹಾಕಿಕೊಳ್ಳುತ್ತೇನೆ.

ನಮ್ಮನೆಯಲ್ಲಿ ಯಾರಿಗೆ ಹೊಟ್ಟಾದರೂ ನನ್ನದು ಒಂದೇ ಔಷಧಿ, ಕೊಬ್ಬರಿ ಎಣ್ಣೆ. ಬೆಚ್ಚಗೆ ಮಾಡಿ ಗುಂಡನ ಬೆನ್ನಿಗೆ ತಿಕ್ಕಿದೆ. ಅವನು ನಾಲಿಗೆ ಎಟಕುವಷ್ಟು ದೂರದ ಎಣ್ಣೆಯನ್ನೆಲ್ಲ ನೆಕ್ಕಿ, ಪುಟ್ಟಿಯ ಸಮಾಜ ವಿಜ್ಞಾನದ ಪುಸ್ತಕದ ಮೇಲೆ ವಾಂತಿ ಮಾಡಿದ. ನಾಲಿಗೆ ಎಟಕದ ಕಡೆ ಎಣ್ಣೆಗೆ ಧೂಳು ಹತ್ತಿ ಇನ್ನೂ ಕೊಳೆಯಾಯಿತು. ಮಾರನೇ ದಿನ ಪಕ್ಕದ ಮನೆಯವರು, "ಟೀಚರ್ರೇ, ನಮ್ಮ ನಾಯಿಗೆ ತಂದ ಉಣ್ಣೆಯ ಔಷಧಿ ಅರ್ಧ ಉಳಿದಿದೆ, ಕುತ್ತಿಗೆಗೆ ಎರಡು ತೊಟ್ಟು ಹಾಕಿ ನೋಡಿ" ಎಂದು ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಬಾಟಲಿ ಕೈಯಲ್ಲಿ ಹಿಡಿದಿದ್ದೆ. ಪುಟ್ಟಿಯೇ ತಡೆದಳು. "ಅಜ್ಜಿ, ಇದರ ಮೇಲೆ ನಾಯಿ ಚಿತ್ರ ಮಾತ್ರ ಇದೆ, ಬೆಕ್ಕಿಂದು ಇಲ್ಲ. ಡಾಕ್ಟರನ್ನ ಕೇಳೋಣ."

ಆ ಮಾತಿನ ಬೆಲೆ ಎಷ್ಟೆಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಬೆಕ್ಕನ್ನು ಆಸ್ಪತ್ರೆಗೆ ಒಯ್ಯುವುದೇ ಒಂದು ಸಾಹಸ. ಅಜ್ಜ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಮುಖಕ್ಕೆ ಮುಖ ಸೇರಿಸಿ ಸುತ್ತಲೂ ದಾರ ಕಟ್ಟಿದರು. ಒಳಗೆ ಗುಂಡ ದಿನಾ ಮಲಗುವ ಹಳೇ ಟವೆಲ್ಲು, ತನ್ನದೇ ವಾಸನೆ ಇದ್ದರೆ ಬೆಕ್ಕಿಗೆ ಹೆದರಿಕೆ ಕಡಿಮೆ. ಮೇಲೆ ಒಂದು ಪಂಚೆ ಹೊದಿಸಿ ಆಟೋದಲ್ಲಿ ಹೊರಟೆವು. ಗುಂಡ ಮಾತ್ರ ದಾರಿಯುದ್ದಕ್ಕೂ ಊರಿಗೆಲ್ಲ ಕೇಳುವಂತೆ ನಮ್ಮ ಮೇಲೆ ದೂರು ಹೇಳುತ್ತಲೇ ಇದ್ದ. ನಮ್ಮೂರ ಪಶು ಆಸ್ಪತ್ರೆಯಲ್ಲಿ ಅವತ್ತು ಕಾಲು ಮುರಿದ ಒಂದು ಆಡು, ಕೆಚ್ಚಲು ಬಾವಿನ ಒಂದು ಎಮ್ಮೆ, ಆಮೇಲೆ ನಾವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೂದಲು ನೋಡುತ್ತಾರೆ ಎಂದುಕೊಂಡರೆ, ಮೊದಲು ಗುಂಡನನ್ನು ತೂಕದ ಯಂತ್ರದ ಮೇಲೆ ಕೂರಿಸಿದರು. 6.4 ಕಿಲೋ.

"ಡಾಕ್ಟ್ರೇ, ನಾವು ಬಂದಿದ್ದು ಹೊಟ್ಟಿಗೆ, ಹೊಟ್ಟೆಗಲ್ಲ" ಎಂದೆ.

"ಇವನಿಗೆ ಹೊಟ್ಟೆಯಿಂದಲೇ ಹೊಟ್ಟು ಅಮ್ಮಾ" ಎಂದು ನಕ್ಕರು.

ಅದು ಹೇಗೆ ಎಂದು ಅವರು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಬೆಕ್ಕಿಗೆ ಸೋಪು, ಬಾಚಣಿಗೆ, ಟವೆಲ್ಲು ಎಲ್ಲವೂ ಅದರ ನಾಲಿಗೆಯೇ. ಬೆಕ್ಕು ನಿಮ್ಮ ಕೈ ನೆಕ್ಕಿದಾಗ ಮರಳು ಕಾಗದದಿಂದ ಉಜ್ಜಿದ ಹಾಗೆ ಆಗುತ್ತದಲ್ಲ? ನಾಲಿಗೆಯ ತುಂಬ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದ ಆದದ್ದು. ಈ ಮುಳ್ಳಿನ ತುದಿ ಗಟ್ಟಿ ಅಲ್ಲ, ಪುಟ್ಟ ಚಮಚದ ಹಾಗೆ ಟೊಳ್ಳು ಎಂದು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ತೋರಿಸಿದರು. ಮನೆಯ ಬೆಕ್ಕಿನಿಂದ ಹಿಡಿದು ಹುಲಿ, ಸಿಂಹದವರೆಗೆ ಅವರು ನೋಡಿದ ನಾಲಿಗೆಗಳಲ್ಲೆಲ್ಲ ಹಾಗೇ ಇತ್ತಂತೆ. ಆ ಟೊಳ್ಳಿನಲ್ಲಿ ಎಂಜಲು ತುಂಬಿಕೊಂಡು ಕೂದಲಿನ ಬುಡದವರೆಗೆ ಇಳಿಯುತ್ತದೆ. ಉದುರಿದ ಕೂದಲು, ಒಣಗಿದ ಚರ್ಮದ ಪುಡಿ ಎಲ್ಲ ಹೊರಗೆ ಬರುತ್ತದೆ. ಚರ್ಮದ ಜಿಡ್ಡು ಮೈಗೆಲ್ಲ ಸಮನಾಗಿ ಹರಡಿ ಕೂದಲು ಮಿರಮಿರ ಮಿಂಚುತ್ತದೆ.

ಈಗ ನೀವೇ ಕುಳಿತಲ್ಲಿಂದ ಹಿಂದಕ್ಕೆ ತಿರುಗಿ ನಿಮ್ಮ ಸೊಂಟದ ಹಿಂಭಾಗ ನೋಡಿಕೊಳ್ಳಿ. ಪುಟ್ಟಿಗೆ ಆಗುತ್ತದೆ. ನನಗೆ ಅರ್ಧದಲ್ಲೇ ನಿಲ್ಲುತ್ತದೆ. ಗುಂಡನದೂ ನನ್ನ ಅವಸ್ಥೆಯೇ. ಹೊಟ್ಟೆ ಅಡ್ಡ ಬಂದು ಬೆನ್ನು ಬಾಗುವುದಿಲ್ಲ, ಬಾಲದ ಬುಡಕ್ಕೆ ನಾಲಿಗೆ ಎಟಕುವುದಿಲ್ಲ. ಎಟಕದ ಜಾಗದಲ್ಲೇ ಹೊಟ್ಟು, ಎಟಕದ ಜಾಗದಲ್ಲೇ ಗಂಟು. ಮುಖ, ಎದೆ, ಮುಂಗಾಲು ಮೊದಲಿನ ಹಾಗೇ ಹೊಳೆಯುತ್ತಿದ್ದವು. ನಾನು ಅದನ್ನು ದಿನಾ ನೋಡಿಯೂ ನೋಡಿರಲಿಲ್ಲ.

(ನನ್ನ ವಾರಿಗೆಯವರಿಗೆ ಒಂದು ಮಾತು. ಮುದಿ ಬೆಕ್ಕು ದಪ್ಪ ಇಲ್ಲದೆಯೂ ಹೀಗೆ ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿದ್ದರೆ ಕೀಲುನೋವೋ ಹಲ್ಲುನೋವೋ ಇರಬಹುದು. ನಮಗಾದರೆ ಅಯ್ಯೋ ಎನ್ನಲು ಬಾಯಿದೆ.)

ಡಾಕ್ಟರಮ್ಮ ಪುಟ್ಟಿಗೆ ಒಂದು ಪರೀಕ್ಷೆ ಕಲಿಸಿದರು. ನೀವೂ ಈಗಲೇ ಮಾಡಿ. ಎಡಗೈ ಮುಷ್ಟಿ ಕಟ್ಟಿ, ಬಲಗೈ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ಬೆಕ್ಕಿನ ಪಕ್ಕೆಲುಬು ಹೀಗೆ ಎದ್ದು ತಾಗಿದರೆ ಅದು ಬಡಕಲು. ಈಗ ಮುಷ್ಟಿ ಬಿಚ್ಚಿ ಅಂಗೈಯನ್ನು ಕೆಳಗೆ ಮಾಡಿ, ಮುಂಗೈ ಮೇಲೆ ಸವರಿ. ಮೇಲೆ ತೆಳ್ಳಗೆ ಚರ್ಮ, ಒಳಗೆ ಮೂಳೆ ಸಲೀಸಾಗಿ ಸಿಗುತ್ತದೆ. ಬೆಕ್ಕಿನ ಪಕ್ಕೆಲುಬು ಹೀಗಿದ್ದರೆ ಸರಿಯಾದ ಮೈ. ಇನ್ನು ಕೈ ತಿರುಗಿಸಿ, ಅಂಗೈಯಲ್ಲಿ ಬೆರಳುಗಳ ಬುಡ ಮುಟ್ಟಿ ನೋಡಿ. ಮೆತ್ತಗಿದೆ, ಮೂಳೆ ಹುಡುಕಬೇಕು. ಹಾಗಿದ್ದರೆ ದಪ್ಪ. ಪುಟ್ಟಿ ಗುಂಡನ ಪಕ್ಕೆಗೆ ಕೈ ಹಾಕಿ, "ಡಾಕ್ಟರ್ ಆಂಟಿ, ಇವನಿಗೆ ಪಕ್ಕೆಲುಬು ಇದೆಯಾ?" ಎಂದು ಕೇಳಿದಳು. ಪಶುವೈದ್ಯರು ಬೆಕ್ಕಿನ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರಂತೆ. 5 ಬಂದರೆ ಉತ್ತಮ. ನಮ್ಮ ಗುಂಡನಿಗೆ 8. ಹೆಚ್ಚು ಅಂಕ ತೆಗೆದು ನನ್ನ ತಲೆ ತಗ್ಗಿಸಿದವನು ಇವನೊಬ್ಬನೇ.

ಹೊಟ್ಟಿಗೆ ಬೇರೆ ಕಾರಣವೂ ಇದೆಯೋ ಎಂದು ನೋಡಬೇಕಲ್ಲ. ಡಾಕ್ಟರಮ್ಮ ಹೇನು ಬಾಚುವಂಥ ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ್ದನ್ನು ಒದ್ದೆ ಹತ್ತಿಯ ಮೇಲೆ ಕೊಡವಿದರು. ಬಿಳೀ ಪುಡಿಯ ನಡುವೆ ಕೆಲವು ಕರೀ ಚುಕ್ಕೆ. ನೋಡುತ್ತಿದ್ದಂತೆ ಆ ಚುಕ್ಕೆಗಳ ಸುತ್ತ ಕೆಂಪು ಬಣ್ಣ ಹರಡಿತು. ಬರೀ ಮಣ್ಣಾಗಿದ್ದರೆ ಕೆಂಪಾಗುತ್ತಿರಲಿಲ್ಲ. ಅದು ಚಿಗಟದ ಹಿಕ್ಕೆ, ಕುಡಿದ ರಕ್ತವೇ ಒಣಗಿ ಹಾಗಾಗಿರುತ್ತದೆ. ಪುಟ್ಟಿ ಅದನ್ನು ತನ್ನ ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು.

ಚಿಗಟಕ್ಕೆ ಅವನ ತೂಕ ನೋಡಿ ಬೆಕ್ಕಿನದೇ ಔಷಧಿ ಕೊಟ್ಟರು, ಅವನ ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯಲು ಹೇಳಿದರು. ಆಗ ನಾನು ಪಕ್ಕದ ಮನೆಯ ಬಾಟಲಿ ತೋರಿಸಿದೆ. ಡಾಕ್ಟರಮ್ಮನ ಮುಖದ ನಗು ಹೋಯಿತು. ನಾಯಿಯ ಉಣ್ಣೆಗೆ ಹಾಕುವ ಕೆಲವು ಔಷಧಿಗಳಲ್ಲಿ ಪರ್ಮೆತ್ರಿನ್ ಎಂಬುದು ಇರುತ್ತದೆ. ನಾಯಿಯ ದೇಹ ಅದನ್ನು ಕರಗಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಆಗುವುದಿಲ್ಲ. ಮೈ ನಡುಗಿ, ಸೆಳೆತ ಬಂದು ಸತ್ತೇ ಹೋಗಬಹುದು. ಜ್ವರ, ಮೈಕೈ ನೋವಿಗೆ ನಾವು ನುಂಗುವ ಪ್ಯಾರಸಿಟಮಾಲ್ ಕೂಡ ಹಾಗೇ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಅಜ್ಜ ಅಜ್ಜಿಯರೇ, ನಮ್ಮ ಮಾತ್ರೆ ಡಬ್ಬಿ ದಿಂಬಿನ ಪಕ್ಕ ತೆರೆದೇ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ.

ಆಮೇಲೆ ಪ್ರಶ್ನೆಗಳು. ನೀರು ಜಾಸ್ತಿ ಕುಡೀತಾನಾ? ಉಚ್ಚೆ ಜಾಸ್ತಿಯಾ? ದಪ್ಪ ಬೆಕ್ಕುಗಳಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು ಎಂದಾಗ ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತರು, ಅವರದು ಹನ್ನೆರಡು ವರ್ಷದ ಸಕ್ಕರೆ. ಗುಂಡನ ರಕ್ತವನ್ನೂ ತೆಗೆದರು. ಆಸ್ಪತ್ರೆಯ ಹೆದರಿಕೆಗೇ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುವುದರಿಂದ ಒಂದೇ ಸಲದ ಲೆಕ್ಕ ನೋಡಿ ಸಕ್ಕರೆ ಕಾಯಿಲೆ ಎನ್ನುವಂತಿಲ್ಲವಂತೆ. ಗುಂಡನದು ಸರಿಯಾಗಿಯೇ ಬಂತು.

ಕೊನೆಗೆ ಬಂದದ್ದು ನಿಜವಾದ ವಿಚಾರಣೆ. "ಮನೆಯಲ್ಲಿ ಯಾರ‍್ಯಾರು ಏನೇನು ಹಾಕ್ತೀರಿ? ಒಬ್ಬೊಬ್ಬರೇ ಹೇಳಿ."

ನಾನು ಹೇಳಿದೆ: ಬೆಳಿಗ್ಗೆ ಒಂದು ಬಟ್ಟಲು ಹಾಲು, ಸಂಜೆ ಒಂದು ಬಟ್ಟಲು. ಮಧ್ಯಾಹ್ನ ಅನ್ನ, ಮೇಲೆ ಒಂದು ಚಮಚ ತುಪ್ಪ. ಅಷ್ಟೇ ಎಂದುಕೊಂಡಿದ್ದೆ. ಪುಟ್ಟಿ ತಲೆ ತಗ್ಗಿಸಿ, "ಶಾಲೆಯಿಂದ ಬಂದ ಮೇಲೆ ಎರಡು ಬಿಸ್ಕತ್ತು" ಎಂದಳು. ಅಜ್ಜ ಛಾವಣಿ ನೋಡುತ್ತ, "ರಾತ್ರಿ ನನ್ನ ಮೊಸರನ್ನದಲ್ಲಿ ಸ್ವಲ್ಪ" ಎಂದರು. ನನಗೆ ಗೊತ್ತೇ ಇರಲಿಲ್ಲ! ಅವರ ಊಟ ಮುಗಿಯುವವರೆಗೆ ಗುಂಡ ಪಕ್ಕದಲ್ಲೇ ಕೂರುವುದನ್ನು ನೋಡಿ, ಎಷ್ಟು ಪ್ರೀತಿ ಎಂದು ನಾನೇ ಹೊಗಳಿದ್ದೆ.

ಮನೆಗೆ ಬಂದು ಪುಟ್ಟಿ ಲೆಕ್ಕ ಹಾಕಿದಳು. ಎರಡು ಬಟ್ಟಲು ಸೇರಿ 200 ಮಿಲಿ ಲೀಟರ್ ಹಾಲು, ಸುಮಾರು 120 ಕ್ಯಾಲೊರಿ. 100 ಗ್ರಾಂ ಅನ್ನ 130. ತುಪ್ಪ 45. ಎರಡು ಮಾರಿ ಬಿಸ್ಕತ್ತು ಸುಮಾರು 50. ಒಟ್ಟು 345. ಅಜ್ಜನ ಮೊಸರನ್ನ ಇದಕ್ಕೆ ಸೇರಿಲ್ಲ, ಏಕೆಂದರೆ 'ಸ್ವಲ್ಪ' ಎಂದರೆ ಎಷ್ಟು ಎಂದು ಅವರು ಇನ್ನೂ ಹೇಳಿಲ್ಲ. ಮನೆಯೊಳಗೇ ಇರುವ, ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದ 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕಾಗುತ್ತದೆ. ಆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೇ. ಆದರೆ ಆಮೇಲೆ ಬೆಕ್ಕಿಗೆ ಬೇಕಾಗುವ ಆಹಾರ ಕಡಿಮೆ, ಆಗುವ ಹಸಿವು ಹೆಚ್ಚು. ನಮಗೆ ಇದು ಗೊತ್ತಿರಲಿಲ್ಲ.

ಇನ್ನೊಂದು ಮೋಜು ನೋಡಿ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಎಂದು 2005ರಲ್ಲಿ ವಿಜ್ಞಾನಿಗಳು ಪತ್ತೆಮಾಡಿದರು. ಹಾಗಾದರೆ ಪುಟ್ಟಿಯ ಬಿಸ್ಕತ್ತಿನಲ್ಲಿ ಗುಂಡ ಸಿಹಿ ಕಂಡದ್ದೇ ಇಲ್ಲ. ಅದರ ಕೊಬ್ಬಿಗೋ, ಪುಟ್ಟಿಯ ಜೊತೆ ಕೂರುವ ಆಸೆಗೋ ಬರುತ್ತಿದ್ದ.

"ಡಾಕ್ಟ್ರೇ, ನಮ್ಮ ತವರಿನಲ್ಲಿ ಬೆಕ್ಕುಗಳು ಹಾಲು ಅನ್ನ ತಿಂದೇ ಹದಿನಾಲ್ಕು ವರ್ಷ ಬದುಕಿದ್ದವು, ಒಂದಕ್ಕೂ ಹೊಟ್ಟು ನೋಡಿಲ್ಲ" ಎಂದು ನಾನು ವಾದ ಮಾಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಮನೆಗೆ ಅಟ್ಟ ಇತ್ತಾ ಅಮ್ಮಾ?"

ಅಟ್ಟ ಇತ್ತು. ಅಟ್ಟದ ಮೇಲೆ ಭತ್ತ, ಒಣ ಅಡಿಕೆ. ಅವುಗಳ ಜೊತೆ ಬೇಕಾದಷ್ಟು ಇಲಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮನೆಯ ಬೆಕ್ಕು ಹಿತ್ತಿಲಿನಲ್ಲಿ ಮಿಡತೆ, ಹಲ್ಲಿ ಹಿಡಿಯುವುದನ್ನು ನೋಡಿ ಅತ್ತಿದ್ದೆ. ಈಗ ಲೆಕ್ಕ ತಾಳೆಯಾಗುತ್ತದೆ. ಒಂದು ಸಣ್ಣ ಇಲಿ ಎಂದರೆ ಸುಮಾರು 30 ಕ್ಯಾಲೊರಿ. ಬೆಕ್ಕಿನ ದಿನದ ಊಟ ಎಂದರೆ ಅಂಥ ಆರೇಳು ಇಲಿ, ಒಂದೊಂದಕ್ಕೂ ಹೊಂಚು, ಓಟ, ನೆಗೆತ. ನನ್ನ ಅಮ್ಮ ಇಡುತ್ತಿದ್ದ ಹಾಲು ಬರೀ ಉಪಚಾರ. ನಾವು ಅಟ್ಟ ಇಲ್ಲದ ತಾರಸಿ ಮನೆಗೆ ಬಂದೆವು, ಕಿಟಕಿಗೆ ಜಾಲರಿ ಹಾಕಿದೆವು, ಇಲಿಯನ್ನು ಬಿಟ್ಟು ಬರೀ ಉಪಚಾರವನ್ನು ಜೊತೆಗೆ ತಂದೆವು. ಬೆಕ್ಕು ಹಾಲು ಕುಡಿದು ಬದುಕುತ್ತದೆ ಎಂದು ನಾನು ಅರವತ್ತೆಂಟು ವರ್ಷ ನಂಬಿದ್ದೆ. ಅಸಲಿಗೆ ಎಷ್ಟೋ ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವೇ ಆಗದೆ ಭೇದಿಯಾಗುತ್ತದೆ.

ಇಲ್ಲಿ ನನ್ನ ಸಂಕಟ ಹೇಳಿಕೊಳ್ಳಬೇಕು. ನಮ್ಮದು ಮೊಟ್ಟೆ ಕೂಡ ತಾರದ ಮನೆ. ಡಾಕ್ಟರಮ್ಮ ಮೆತ್ತಗೇ ಹೇಳಿದರು, ಬೆಕ್ಕು ಹುಟ್ಟಾ ಮಾಂಸಾಹಾರಿ ಎಂದು. ನಾಯಿಯಾದರೆ ಅನ್ನ ತರಕಾರಿಯಲ್ಲೂ ಸಂಭಾಳಿಸೀತು, ಬೆಕ್ಕಿಗೆ ಆಗದು. ಟಾರಿನ್ ಎಂಬ ಪದಾರ್ಥ ಅದಕ್ಕೆ ಆಹಾರದಿಂದಲೇ ಸಿಗಬೇಕು. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ, ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟಾರಿನ್ ಸಾಲದೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸಡಿಲಾಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ಸಂಬಂಧವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 1987ರಲ್ಲಿ ಪ್ರಕಟಿಸಿದರು. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟಾರಿನ್ ಪ್ರಮಾಣ ಹೆಚ್ಚಿಸಿದರು. ಕ್ಯಾರೆಟ್ಟಿನಲ್ಲಿರುವುದನ್ನು ನಾವು ದೇಹದೊಳಗೆ ಎ ವಿಟಮಿನ್ ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಆ ವಿದ್ಯೆಯೂ ಬಾರದು. ಕೂದಲು ಎಂದರೆ ಬಹುಪಾಲು ಪ್ರೋಟೀನೇ. ಹಾಲು ಅನ್ನದ ಮೇಲೆ ಬೆಳೆದ ಗುಂಡ ಹೊಟ್ಟೆ ತುಂಬಿಯೂ ಅರೆಹೊಟ್ಟೆಯಲ್ಲಿದ್ದ.

ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನಾನೇ ತೀರ್ಮಾನ ಮಾಡಿದೆ. ಬೆಕ್ಕನ್ನು ಮನೆಗೆ ತಂದವರು ನಾವು, ಅದೇನೂ ನಮ್ಮ ಮಡಿ ಕೇಳಿ ಬಂದದ್ದಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಕ್ಯಾಟ್ ಫುಡ್ ಕಾಳಿನ ಚೀಲ ಈಗ ಹಿಂದಿನ ಜಗಲಿಯ ಗೂಡಿನಲ್ಲಿದೆ. ಅದಕ್ಕೇ ಒಂದು ತಟ್ಟೆ, ಒಂದು ಚಮಚ ಬೇರೆ. ವಾಸನೆಗೆ ಮೊದಮೊದಲು ಮೂಗು ಮುಚ್ಚುತ್ತಿದ್ದೆ, ಈಗ ಅಭ್ಯಾಸವಾಗಿದೆ. ಬೇರೆ ಮನೆಯವರು ಬೇರೆ ದಾರಿ ಹಿಡಿಯಬಹುದು. ಆದರೆ ಬೆಕ್ಕನ್ನೂ ಶಾಕಾಹಾರಿ ಮಾಡುತ್ತೇನೆ ಎಂದು ಹೊರಡುವ ಮೊದಲು ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.

ಗುಂಡನಿಗೆ ಗೊತ್ತಾದ ಪ್ರಮಾಣ ದಿನಕ್ಕೆ 50 ಗ್ರಾಂ, ತಕ್ಕಡಿಯಲ್ಲಿ ತೂಗಿ, ನಾಲ್ಕು ಹೊತ್ತಿಗೆ ಹಂಚಿ. ಇದು ಅವನ ವಯಸ್ಸು, ಅವನ ತೂಕ, ಆ ಕಾಳು ನೋಡಿ ಹೇಳಿದ ಲೆಕ್ಕ. ನಿಮ್ಮ ಬೆಕ್ಕಿನದು ಬೇರೆಯೇ ಇರುತ್ತದೆ. ಗುರಿ 5 ಕಿಲೋ, ಅದೂ ಅವಸರವಿಲ್ಲದೆ. ವಾರಕ್ಕೆ ಸುಮಾರು 50 ಗ್ರಾಂ ಇಳಿದರೆ ಸಾಕು. "ಹಾಗಾದ್ರೆ ಇಪ್ಪತ್ತೆಂಟು ವಾರ!" ಎಂದು ಪುಟ್ಟಿ ಬಾಗಿಸಿ ಹೇಳಿದಳು. ಅಜ್ಜನಿಗೆ ಅಷ್ಟು ತಾಳ್ಮೆ ಇಲ್ಲ. "ಒಂದು ವಾರ ಏಕಾದಶಿ ಮಾಡಿಸಿದ್ರೆ ಇಳಿಯತ್ತಪ್ಪ" ಎಂದರು.

ಅದರಿಂದ ಎಂಥ ಅನಾಹುತವಾಗುತ್ತಿತ್ತು ಎಂದು ಎರಡೇ ವಾರದಲ್ಲಿ ತಿಳಿಯಿತು.

ಹೊಸ ಆಹಾರವನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಹತ್ತು ದಿನದಲ್ಲಿ ಬದಲಿಸಬೇಕಿತ್ತು. ನಾನು ಉತ್ಸಾಹದಲ್ಲಿ ನಾಲ್ಕನೇ ದಿನಕ್ಕೇ ಹಾಲು ಅನ್ನ ಪೂರ್ತಿ ನಿಲ್ಲಿಸಿದೆ. ಗುಂಡ ತಟ್ಟೆ ಮೂಸಿದ, ಮುಂಗಾಲಿನಲ್ಲಿ ಮಣ್ಣು ಮುಚ್ಚುವ ಹಾಗೆ ನೆಲ ಕೆರೆದ, ಹೋಗಿ ಮಲಗಿದ. ರಾತ್ರಿಯೂ ತಿನ್ನಲಿಲ್ಲ. ಮರುದಿನ ಮಧ್ಯಾಹ್ನವೂ ಇಲ್ಲ. "ಹಸಿದರೆ ತಾನೇ ತಿಂತಾನೆ ಬಿಡಿ ಟೀಚರ್ರೇ, ಮಕ್ಕಳ ಹಟದ ಹಾಗೇ" ಎಂದು ಪಕ್ಕದ ಮನೆಯವರು ಧೈರ್ಯ ಹೇಳಿದರು. ನನಗೂ ಹೌದೆನ್ನಿಸಿತು. ಸಂಜೆ ಪುಟ್ಟಿ ಶಾಲೆಯಿಂದ ಬಂದವಳು ಬ್ಯಾಗ್ ಇಳಿಸದೆ ತಟ್ಟೆ ನೋಡಿ, "ಅಜ್ಜಿ, ನಿನ್ನೆಯದೇ ಇದೆ. ಫೋನ್ ಮಾಡು" ಎಂದಳು.

ಡಾಕ್ಟರಮ್ಮ ಮೊದಲು ಕೇಳಿದ್ದು, "ಎಷ್ಟು ಗಂಟೆಯಾಯ್ತು?" ಮೂವತ್ತು ಗಂಟೆ ದಾಟಿತ್ತು. "ನಾಳೆಗೆ ಕಾಯಬೇಡಿ" ಎಂದರು.

ಅಡಿಕೆ ಕೊಯ್ಲಿನ ಕಾಲ ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ದಿನಾ ಇಷ್ಟಿಷ್ಟೇ ಗೊನೆ ಅಂಗಳಕ್ಕೆ ಬಂದರೆ ಸುಲಿಯುವವರು ಸುಲಿಯುತ್ತಾರೆ, ಕೆಲಸ ಸಾಗುತ್ತದೆ. ಇಡೀ ತೋಟದ ಗೊನೆ ಒಂದೇ ದಿನ ತಂದು ಸುರಿದರೆ? ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದೆ ಎಲ್ಲ ಕೆಲಸ ನಿಲ್ಲುತ್ತದೆ. ದಪ್ಪ ಬೆಕ್ಕು ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ಒಟ್ಟಿಗೆ ಲಿವರಿಗೆ ಹೋಗುತ್ತದೆ. ಬೆಕ್ಕಿನ ಲಿವರಿಗೆ ಅಷ್ಟನ್ನು ಸುಲಿದು ಮುಗಿಸುವ ಶಕ್ತಿ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು ಲಿವರ್ ಕೆಲಸ ನಿಲ್ಲಿಸುತ್ತದೆ, ಕಾಮಾಲೆಯಾಗುತ್ತದೆ, ಚಿಕಿತ್ಸೆ ಸಿಗದಿದ್ದರೆ ಸಾವು. ಎರಡು ಮೂರು ದಿನದ ಉಪವಾಸ ಸಾಕು. ನಾಯಿ ಒಂದು ದಿನ ಊಟ ಬಿಟ್ಟರೆ ಕಾದು ನೋಡಬಹುದೇನೋ. ದಪ್ಪ ಬೆಕ್ಕು ಒಂದು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಲೇಬೇಕು.

ಅವರು ಹೇಳಿದ ಹಾಗೆ ಕಾಳಿಗೆ ಬಿಸಿನೀರು ಚಿಮುಕಿಸಿ ಉಗುರುಬೆಚ್ಚಗೆ ಮಾಡಿ, ಮೇಲೆ ಹಳೆಯ ಹಾಲು ಅನ್ನ ಎರಡು ಚಮಚ ಕಲಸಿ ಇಟ್ಟೆ. ಬೆಚ್ಚಗಾದರೆ ವಾಸನೆ ಏಳುತ್ತದೆ, ಬೆಕ್ಕು ಮೂಗಿನಿಂದಲೇ ಊಟ ಶುರು ಮಾಡುವುದು. ಗುಂಡ ಬಂದ. ಮೂಸಿದ. ನಮ್ಮ ಮೂವರನ್ನೂ ನೋಡಿದ. ನಾವು ಉಸಿರು ಬಿಗಿಹಿಡಿದಿದ್ದೆವು. ಒಂದು ತುತ್ತು ತಿಂದ. ಆಮೇಲೆ ಇನ್ನೊಂದು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಏಕಾದಶಿಯ ಮಾತು ಮತ್ತೆ ಎತ್ತಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಒಯ್ದು ಕಣ್ಣು, ಒಸಡು ಹಳದಿಯಾಗಿಲ್ಲವೆಂದು ತೋರಿಸಿಕೊಂಡು ಬಂದೆವು. ಬದಲಾವಣೆಗೆ ಹತ್ತರ ಬದಲು ಇಪ್ಪತ್ತು ದಿನ ತೆಗೆದುಕೊಂಡೆವು.

ಈಗ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಎರಡು ಪಟ್ಟಿ ಅಂಟಿವೆ, ಒಂದು ಅಜ್ಜನ ಸಕ್ಕರೆಯದು, ಇನ್ನೊಂದು ಗುಂಡನ ತೂಕದ್ದು. ಬೆಕ್ಕನ್ನು ಮನೆಯಲ್ಲಿ ತೂಗುವುದು ಸುಲಭ. ಪುಟ್ಟಿ ಗುಂಡನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ, ಆಮೇಲೆ ಒಬ್ಬಳೇ ನಿಲ್ಲುತ್ತಾಳೆ. ಕಳೆದರೆ ಗುಂಡ. ಆದರೆ ಮನೆಯ ಯಂತ್ರ ಐವತ್ತು ಗ್ರಾಂ ಅತ್ತಿತ್ತ ಹೇಳುವುದರಿಂದ ತಿಂಗಳಿಗೊಮ್ಮೆ ಆಸ್ಪತ್ರೆಯ ಯಂತ್ರದಲ್ಲೂ ತೂಗಿಸುತ್ತೇವೆ.

ಒಂದು ತಿಂಗಳು ತೂಕ ಇಳಿಯಲೇ ಇಲ್ಲ. ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ, ಸುಮ್ಮನೆ ಅಜ್ಜನ ಕಡೆ ನೋಡಿದರು. ಮೊಸರನ್ನ ಮತ್ತೆ ಶುರುವಾಗಿತ್ತು! "ಅವನು ಬಂದು ಕೂತರೆ ಏನು ಮಾಡಲಿ?" ಎಂದು ಅಜ್ಜ. ಪಾಪ, ಅವರು ಕೇಳಿದ್ದೂ ಸರಿಯೇ. ಅದಕ್ಕೆ ಪುಟ್ಟಿ ಉಪಾಯ ಹುಡುಕಿದಳು. ಗುಂಡನ 50 ಗ್ರಾಂನಲ್ಲೇ ಹತ್ತು ಕಾಳು ಎತ್ತಿಟ್ಟು ರಾತ್ರಿ ಅಜ್ಜನ ಕೈಗೆ ಕೊಡುತ್ತಾಳೆ. ಅವರು ಒಂದೊಂದೇ ಕಾಳನ್ನು ಹಜಾರದ ಈ ತುದಿಯಿಂದ ಆ ತುದಿಗೆ ಎಸೆಯುತ್ತಾರೆ, ಗುಂಡ ಓಡಿ ಹಿಡಿಯುತ್ತಾನೆ. ಹಳೇ ನೀರಿನ ಬಾಟಲಿಗೆ ತೂತು ಮಾಡಿ ಕಾಳು ತುಂಬಿದ್ದೂ ಇದೆ, ಉರುಳಿಸಿದರೆ ಮಾತ್ರ ಒಂದೆರಡು ಬೀಳುತ್ತವೆ. ಅಡಿಕೆ ಹಾಳೆಯ ಚೂರಿಗೆ ದಾರ ಕಟ್ಟಿ ಪುಟ್ಟಿ ಮನೆ ತುಂಬ ಎಳೆಯುತ್ತಾಳೆ, ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ. ಆಟ ಮುಗಿದ ಮೇಲೆ ದಾರವನ್ನು ಎತ್ತಿ ಡ್ರಾಯರಿನಲ್ಲಿ ಇಡಲೇಬೇಕು, ಬೆಕ್ಕು ದಾರ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಬೆನ್ನು ಬಾಚುವುದು ನನ್ನ ಪಾಲಿನ ಕೆಲಸ. ಸಂಜೆಯ ಧಾರಾವಾಹಿ ಹೊತ್ತಿಗೆ ತೊಡೆಯ ಮೇಲೆ ಕೂರಿಸಿಕೊಂಡು ಮೃದುವಾದ ಬ್ರಷ್ಷಿನಲ್ಲಿ ಐದು ನಿಮಿಷ. ಗಂಟುಗಳನ್ನು ಕತ್ತರಿಯಿಂದ ಕತ್ತರಿಸಹೋಗಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಅದೂ ಎದ್ದು ಬಂದು ಕತ್ತರಿಗೆ ಸಿಕ್ಕಿಬಿಡುತ್ತದೆ. ನಮ್ಮ ಗುಂಡನ ಎರಡು ದೊಡ್ಡ ಗಂಟುಗಳನ್ನು ಡಾಕ್ಟರಮ್ಮನೇ ಯಂತ್ರದಲ್ಲಿ ಬೋಳಿಸಿದರು. ಸ್ನಾನ ಮಾಡಿಸಬೇಕಾ ಎಂದು ಕೇಳಿದ್ದಕ್ಕೆ, "ಯಾರ ಸಂತೋಷಕ್ಕೆ ಅಮ್ಮಾ?" ಎಂದಿದ್ದರು. ಸೋಪು, ಶಾಂಪೂ ಚರ್ಮವನ್ನು ಇನ್ನೂ ಒಣಗಿಸುತ್ತವಂತೆ. ಎಣ್ಣೆಯ ವಿಷಯ ನಾನಾಗಿ ಕೇಳಲಿಲ್ಲ.

ಐದು ತಿಂಗಳಾಯಿತು. ಫ್ರಿಜ್ಜಿನ ಪಟ್ಟಿಯಲ್ಲಿ ಕೊನೆಯ ಅಂಕಿ 5.5. ಇನ್ನೂ ಅರ್ಧ ಕಿಲೋ ಬಾಕಿ. ಬೋಳಿಸಿದ ಜಾಗದಲ್ಲಿ ಹೊಸ ಕೂದಲು ಬಂದಿದೆ, ಹಳೆಯದಕ್ಕಿಂತ ಕಪ್ಪು. ಪರೀಕ್ಷೆಗೆಂದು ಓದಲು ಕೂತ ಪುಟ್ಟಿ ಮೊನ್ನೆ ಭಾನುವಾರ ಮತ್ತೆ ಜಗಲಿಯಿಂದ ಕೂಗಿದಳು. ಈ ಸಲ ಪಿಸುಮಾತಿನ ಕೂಗು, ಬೆಕ್ಕಿಗೆ ತೊಂದರೆಯಾಗಬಾರದು ಎನ್ನುವ ಹಾಗೆ. ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಹೋದೆ. ಗುಂಡ ಕಂಬಕ್ಕೆ ಒರಗಿ ಕೂತಿದ್ದ. ಒಂದು ಹಿಂಗಾಲು ಮೇಲೆತ್ತಿ, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬಾಲದ ಬುಡವನ್ನು ನೆಕ್ಕಿಕೊಳ್ಳುತ್ತಿದ್ದ. ಒಮ್ಮೆ ಆಯ ತಪ್ಪಿ ಪಕ್ಕಕ್ಕೆ ಉರುಳಿದ. ನಾವು ನೋಡಲಿಲ್ಲವೆಂಬಂತೆ ಎದ್ದು ಕೂತು, ಕಾಲು ಎತ್ತಿ, ಬಿಟ್ಟ ಜಾಗದಿಂದಲೇ ಮತ್ತೆ ಶುರು ಮಾಡಿದ.